ತಾಮ್ರದ ತಂತಿಯ ಅಳತೆ

ನಾನು ಪ್ರಾಧ್ಯಾಪಕನಾದದ್ದು ಒಂದು ತಪ್ಪು ಅಳತೆಯ ಬಲದಿಂದ. ಅದು ತಪ್ಪೆಂದು ಮೊದಲು ಕಂಡುಹಿಡಿದವಳು ನನ್ನದೇ ವಿದ್ಯಾರ್ಥಿನಿ. ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂಡುತ್ತಿರಲಿಲ್ಲ. ಅಂಥದ್ದು ಎಲ್ಲ ಪ್ರಯೋಗಾಲಯಗಳಲ್ಲೂ ನಡೆಯುತ್ತದೆ. ನಾನು ಮಾಡಿದ್ದು ಅದಕ್ಕಿಂತ ಕೀಳು.

ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪ ಧಾರವಾಡ ಕಡೆಯ ಹಳ್ಳಿಯಿಂದ ಬಂದು ಕಾಗದದ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುವ ಕೆಲಸಕ್ಕೆ ಸೇರಿದ್ದರು. ಉಗಿಯ ಒತ್ತಡ ತೋರಿಸುವ ಮೀಟರು, ಶಾಖ ತೋರಿಸುವ ಮೀಟರು, ನೀರಿನ ಮಟ್ಟ ತೋರಿಸುವ ಮೀಟರು. ಅವರ ಖಾಕಿ ಚೀಲದಲ್ಲಿ ಯಾವಾಗಲೂ ಒಂದು ಹೆಚ್ಚಿನ ಮೀಟರು ಇರುತ್ತಿತ್ತು, ಸರಿಯಾಗಿದೆ ಎಂದು ಅವರೇ ಪರೀಕ್ಷಿಸಿ ಇಟ್ಟುಕೊಂಡದ್ದು. ಎಲ್ಲಿಯಾದರೂ ಮುಳ್ಳು ವಿಚಿತ್ರವಾಗಿ ಜಿಗಿದರೆ, ಮೊದಲು ಅಲ್ಲಿನ ಮೀಟರು ಬಿಚ್ಚಿ ಇದನ್ನು ಕೂಡಿಸುತ್ತಿದ್ದರು. "ಬಾಯ್ಲರಿನ ಮ್ಯಾಲ ಆಮ್ಯಾಲ ಸಂಶೆ ಪಡೂಣು, ಮೊದಲ ಮೀಟರ್ ನೋಡೂಣು" ಅನ್ನುವರು. ಎಂಟನೆಯ ತರಗತಿಯ ಹೊತ್ತಿಗೆ ನನಗೂ ಆ ಕೆಲಸ ಬರುತ್ತಿತ್ತು. ಅಂದರೆ, ಮುಂದೆ ನಾನು ಮಾಡಿದ ತಪ್ಪು ಗೊತ್ತಿಲ್ಲದೆ ಮಾಡಿದ್ದು ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

ಭೌತಶಾಸ್ತ್ರದಲ್ಲಿ ನಾನು ಆರಿಸಿಕೊಂಡದ್ದು ಘನವಸ್ತುಗಳ ಮೇಲಿನ ಪ್ರಯೋಗ. ಕೆಲವು ಲೋಹಗಳ ಪುಡಿಗಳನ್ನು ಬೆರೆಸಿ ಕುಲುಮೆಯಲ್ಲಿ ದಿನಗಟ್ಟಲೆ ಕಾಯಿಸಿ, ನಿಧಾನವಾಗಿ ತಣಿಸಿ, ಎಳ್ಳುಕಾಳಿನಷ್ಟು ದೊಡ್ಡ ಹರಳು ಬೆಳೆಸುವುದು. ಆ ಹರಳಿಗೆ ಕೂದಲಿಗಿಂತ ತೆಳ್ಳನೆಯ ನಾಲ್ಕು ತಂತಿಗಳನ್ನು ಬೆಳ್ಳಿಯ ಲೇಪದಿಂದ ಅಂಟಿಸುವುದು. ಅದನ್ನು ಒಂದು ತಂಪು ಯಂತ್ರದೊಳಗೆ ಇಟ್ಟು, ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗಾಗುವ ತನಕ ಇಳಿಸುತ್ತ ಹೋಗಿ, ಒಂದೊಂದು ಹಂತದಲ್ಲೂ ಅದು ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆ ಎಂದು ಅಳೆಯುವುದು. ಹೆಚ್ಚಿನ ದಿನ ಪರದೆಯ ಮೇಲೆ ಒಂದು ನುಣುಪಾದ ಗೆರೆ ಬರುತ್ತದೆ, ನೋಡಿ ಮನೆಗೆ ಹೋಗುತ್ತೇವೆ. ಎಲ್ಲೋ ಒಮ್ಮೆ ಆ ಗೆರೆ ಮುರಿದರೆ, ವಸ್ತು ತನ್ನ ಒಳಗಿನ ಸ್ಥಿತಿಯನ್ನು ಬದಲಿಸಿತು ಎಂದರ್ಥ. ಆ ಮುರಿತಕ್ಕಾಗಿ ನಮ್ಮಂಥವರು ಜೀವಮಾನವಿಡೀ ಕಾಯುತ್ತಾರೆ.

ನಾನು ವಿಶ್ವವಿದ್ಯಾಲಯದಲ್ಲಿ ಹದಿನೈದು ವರ್ಷ ಕಾದೆ. ಎರಡು ಕೋಣೆಯ ಪ್ರಯೋಗಾಲಯ, ಅರ್ಜಿ ಬರೆದು ಬರೆದು ಕೊನೆಗೆ ಸಿಕ್ಕ ಒಂದು ತಂಪು ಯಂತ್ರ, ಯಾರೂ ಓದದ ಹತ್ತಾರು ಪ್ರಬಂಧಗಳು. ನನ್ನ ಜೊತೆ ಓದಿದವರು ದೊಡ್ಡ ಸಂಸ್ಥೆಗಳಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದರು. ಸಮ್ಮೇಳನಗಳಲ್ಲಿ ಅವರು ವೇದಿಕೆಯಲ್ಲಿ, ನಾನು ಹೊರಗಿನ ಪಡಸಾಲೆಯಲ್ಲಿ ನನ್ನ ಭಿತ್ತಿಪತ್ರದ ಪಕ್ಕ ನಿಂತಿರುತ್ತಿದ್ದೆ. ಊಟದ ಸಾಲಿನಲ್ಲಿ ಅವರು ಹೆಗಲ ಮೇಲೆ ಕೈ ಹಾಕಿದರೆ ನಾನು ತಟ್ಟೆ ಹಿಡಿದು ಬೇರೆ ಸಾಲಿಗೆ ಹೋಗುತ್ತಿದ್ದೆ.

ಆ ಸಮಯದಲ್ಲಿ ಅವಳು ಬಂದಳು. ಹಳಿಯಾಳ ತಾಲ್ಲೂಕಿನ ಹಳ್ಳಿಯವಳು. ಭತ್ತ, ಕಬ್ಬು ಬೆಳೆಯುವ ಒಕ್ಕಲುತನದ ಮನೆ, ಅಪ್ಪ ಮತ್ತು ದೊಡ್ಡಪ್ಪ ಕೂಡಿಯೇ ಇದ್ದ ದೊಡ್ಡ ಕುಟುಂಬ. ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ಬರುತ್ತಿದ್ದಳು, ಮಾತು ಕಡಿಮೆ. ನನ್ನಲ್ಲಿ ಸಂಶೋಧನೆಗೆ ಸೇರಿದವರಿಗೆ ತಂತಿ ಅಂಟಿಸುವುದನ್ನು ಕಲಿಯಲು ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುತ್ತದೆ. ಅವಳು ಎರಡನೆಯ ವಾರದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನಾಲ್ಕೂ ತಂತಿಗಳನ್ನು ಸಾಲಾಗಿ ಅಂಟಿಸಿ ತೋರಿಸಿದಳು.

"ಇದನ್ನ ಎಲ್ಲಿ ಕಲ್ತಿ?" ಎಂದೆ.

"ಎಲ್ಲೂ ಇಲ್ರಿ ಸರ್. ಮನ್ಯಾಗ ಅವ್ವನ ಕೂಡ ಶಾವಿಗಿ ಹೊಸೀತಿದ್ನಿ" ಎಂದಳು, ತಪ್ಪೊಪ್ಪಿಕೊಳ್ಳುವವಳ ಹಾಗೆ.

ಎರಡನೆಯ ವರ್ಷ ಅವಳು ಬೆಳೆಸಿದ ಹರಳೊಂದರಲ್ಲಿ ಆ ಮುರಿತ ಬಂತು. ಇಳಿಯುತ್ತ ಬಂದ ಗೆರೆ ಒಂದು ಜಾಗದಲ್ಲಿ ಮೆಟ್ಟಿಲಿನಂತೆ ಕುಸಿದು ಮತ್ತೆ ಮುಂದುವರಿಯಿತು. ಇನ್ನೊಂದು ಹರಳು ಇಟ್ಟೆವು, ಅದರಲ್ಲೂ ಬಂತು. ಆ ವಸ್ತುವಿನಲ್ಲಿ ಇಂಥದ್ದನ್ನು ಅದುವರೆಗೆ ಯಾರೂ ವರದಿ ಮಾಡಿರಲಿಲ್ಲ. ನಾನು ಹದಿನೈದು ದಿನಗಳಲ್ಲಿ ಪ್ರಬಂಧ ಬರೆದು ಒಂದು ದೊಡ್ಡ ಪತ್ರಿಕೆಗೆ ಕಳಿಸಿದೆ. ಪರಿಶೀಲಕರು ಸಣ್ಣಪುಟ್ಟ ತಿದ್ದುಪಡಿ ಕೇಳಿ, ಉಳಿದಂತೆ ಸರಿ ಎಂದು ಬರೆದರು. ಆ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ತಿದ್ದಿದ ಪ್ರತಿ ಕಳಿಸಲು ಒಂದು ವಾರ ಇರುವಾಗ, ಮಧ್ಯಾಹ್ನ ಚಹಾದ ಹೊತ್ತಿಗೆ, ಅವಳು ಒಂದು ಹಾಳೆ ಹಿಡಿದು ಬಂದಳು. ಉಳಿದ ಇಬ್ಬರು ವಿದ್ಯಾರ್ಥಿಗಳು ಮೇಜಿನ ಸುತ್ತ ಕೂತಿದ್ದರು.

"ಸರ್, ಹರಳ ತಗದು ಅದ ಜಾಗಾದಾಗ ತಾಮ್ರದ ತಂತಿ ಕೂಡಿಸಿ ನೋಡಿದ್ನಿರಿ. ಅದ್ರಾಗೂ ಮೆಟ್ಟಿಲ ಬರಾಕತ್ತೈತಿ."

ತಾಮ್ರದ ವಿಷಯ ಎಲ್ಲರಿಗೂ ಗೊತ್ತು. ತಣ್ಣಗಾದಂತೆಲ್ಲ ಅದರ ಗೆರೆ ಸರಾಗವಾಗಿ ಇಳಿಯಬೇಕು. ಅದರಲ್ಲಿ ಮೆಟ್ಟಿಲಿಗೆ ಜಾಗವೇ ಇಲ್ಲ. ಬಂದಿದೆ ಎಂದರೆ ಮೆಟ್ಟಿಲು ಹರಳಿನದಲ್ಲ, ಯಂತ್ರದ್ದು.

"ಎಷ್ಟ್ ಸಲ ನೋಡಿದಿ?"

"ಮೂರ್ ಸಲ ನೋಡೇನ್ರಿ. ಥರ್ಮಾಮೀಟರ್ ಅಂಟಿಸಿದ್ದು ಒಳಗ ಬಿಟ್ಟಿರಬೇಕು ಅನಸ್ತೈತ್ರಿ. ಆ ತಂಪಿಗೆ ಬಂದಾಗ ಅದು ಎದ್ದ ಬಿಡ್ತೈತಿ, ತಪ್ಪ ತೋರಸ್ತೈತಿ. ಒಮ್ಮೆ ಬಿಚ್ಚಿ ನೋಡೂಣೇನ್ರಿ?"

ಹಾಳೆಯ ಮೇಲೆ ಕಣ್ಣು ಹಾಯಿಸಿದೆ. ಅವಳು ಹೇಳಿದ್ದು ಸರಿ ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಯಂತ್ರ ಬಿಚ್ಚಿದರೆ ಪ್ರಬಂಧ ಇಲ್ಲ. ಪ್ರಬಂಧ ಇಲ್ಲದಿದ್ದರೆ ಮತ್ತೆ ಅದೇ ಪಡಸಾಲೆ, ಅದೇ ಭಿತ್ತಿಪತ್ರ. ನಾನು ತಲೆ ಎತ್ತಿ ಕೇಳಿದೆ:

"ತಾಮ್ರದ ತಂತಿ ಕೂಡಿಸಿದಾಕಿ ನೀನ ಅಲ್ಲ?"

"ಹೌದ್ರಿ."

"ನಿನ್ನ ಕೈ ಸರಿ ಇಲ್ಲವ್ವಾ. ಇತ್ತಿತ್ಲಾಗ ನೋಡಾಕತ್ತೇನಿ, ನಡಗತಾವು. ಹಂಗ ಕೂಡಿಸಿದ್ರ ಮೆಟ್ಟಿಲಾ ಏನು, ಬಾಗಲಾ ಕಿಡಕಿ ಎಲ್ಲಾ ಬರ್ತಾವು."

ಉಳಿದ ಇಬ್ಬರು ನಕ್ಕರು. ನಾನೂ ನಕ್ಕೆ. ಅವಳು ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು, ಹಾಳೆ ಮಡಚಿಕೊಂಡು ಒಳಗೆ ಹೋದಳು.

ಅವಳ ಕೈ ಅದುವರೆಗೆ ಎಂದೂ ನಡುಗಿರಲಿಲ್ಲ. ಆಮೇಲೆ ನಡುಗತೊಡಗಿತು. ನಾನು ಹಿಂದೆ ಬಂದು ನಿಂತರೆ ಸಾಕು, ಸೂಜಿಯ ತುದಿ ಅದುರುವುದು ಸೂಕ್ಷ್ಮದರ್ಶಕದ ಪರದೆಯ ಮೇಲೆ ಹತ್ತಾರು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ತಂತಿಗಳು ಕಿತ್ತು ಬರುತ್ತಿದ್ದವು, ಹರಳುಗಳು ಒಡೆಯುತ್ತಿದ್ದವು. ಆ ಕೆಲಸವನ್ನು ನಾನು ಇನ್ನೊಬ್ಬರಿಗೆ ಕೊಟ್ಟೆ. ನಾಲ್ಕು ತಿಂಗಳ ಮೇಲೆ ಅವಳು ಮನೆಯ ಕಾರಣ ಎಂದು ಬರೆದ ಚೀಟಿ ತಂದು ಮೇಜಿನ ಮೇಲಿಟ್ಟಳು. ಸಂಶೋಧನೆ ಬಿಡುವ ಅರ್ಜಿ. ಯಾಕೆ ಎಂದು ಕೇಳಬೇಕಾಗಿತ್ತು. ಸಹಿ ಮಾಡಿ ಕೊಟ್ಟೆ. ಪ್ರಬಂಧ ಅಚ್ಚಾಗುವಾಗ ಲೇಖಕರ ಸಾಲಿನಿಂದ ಅವಳ ಹೆಸರು ತೆಗೆದು, ಕೊನೆಯಲ್ಲಿ ಹರಳು ಬೆಳೆಸಿದ್ದಕ್ಕೆ ಕೃತಜ್ಞತೆ ಎಂದು ಒಂದು ಸಾಲು ಹಾಕಿದೆ. ಬಿಟ್ಟು ಹೋದವಳಿಗೆ ಅಷ್ಟು ಸಾಕು ಅನ್ನಿಸಿತ್ತು.

ಆ ಪ್ರಬಂಧದ ಮೇಲೆ ನಾನು ಪ್ರಾಧ್ಯಾಪಕನಾದೆ. ಸಮ್ಮೇಳನದಲ್ಲಿ ವೇದಿಕೆ ಸಿಕ್ಕಿತು. ದಾಂಡೇಲಿಯಲ್ಲಿ ನಾನು ಓದಿದ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಸತ್ಕಾರ ಇಟ್ಟುಕೊಂಡರು. ಅಪ್ಪ ಆಗಲೇ ತೀರಿಕೊಂಡಿದ್ದರು. ದಾಂಡೇಲಿಯಲ್ಲೇ ಸಂಸಾರ ಹೂಡಿದ್ದ ತಂಗಿ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮಾತಾಡಿಸಲು ಬಂದವರ ಸಾಲಿನ ಕೊನೆಗೆ ಬಿಳಿ ಧೋತರ, ಗಾಂಧಿ ಟೋಪಿಯ ಒಬ್ಬ ಹಿರಿಯರು ನಿಂತಿದ್ದರು. ಅವಳ ಹೆಸರು ಹೇಳಿ, ಆಕೆಯ ತಂದೆ ಎಂದರು. ಪೇಪರಿನಲ್ಲಿ ಸುದ್ದಿ ನೋಡಿ ಹಳಿಯಾಳದಿಂದ ಬಸ್ಸು ಹಿಡಿದು ಬಂದಿದ್ದರು.

"ಸಾಹೇಬ್ರ, ನಿಮ್ಮ ಉಪಕಾರ ಭಾಳ ಆತ್ರಿ" ಎಂದು ಕೈಮುಗಿದರು.

"ಉಪಕಾರ ಏನ್ರಿ ಅದ್ರಾಗ?"

"ಅಲ್ರಿ, ಆಕಿ ಕೈ ಈ ಕೆಲಸಕ್ಕ ಬರೂದಿಲ್ಲ ಅಂತ ನೀವು ಮೊದಲ ನೋಡಿ ಹೇಳಿದ್ರಿ. ಇನ್ನ ನಾಕ್ ವರ್ಷ ಕಳದು ಹೇಳಿದ್ರ ಆಕಿ ಜಲ್ಮ ಹಾಳಾಗ್ತಿತ್ತು. ಈಗ ಲಗ್ನ ಗೊತ್ತಾಗೈತ್ರಿ."

ನನ್ನ ಕೊರಳಲ್ಲಿ ಹಾರ ಇತ್ತು. ಅವರ ಮುಗಿದ ಕೈಗಳು ಅದಕ್ಕೆ ತಾಗುವಷ್ಟು ಹತ್ತಿರ ಇದ್ದವು. ನಾನು "ಚಲೋ ಆತು, ಚಲೋ ಆತು" ಎಂದೆ. ಅವರು ಮತ್ತೊಮ್ಮೆ ಕೈಮುಗಿದು, ಕೊನೆಯ ಬಸ್ಸು ತಪ್ಪೀತೆಂದು ಹೊರಟರು.

ಮರುದಿನ ತಂಗಿಯ ಮನೆಯವರೆಲ್ಲ ನನ್ನನ್ನು ಕರೆದುಕೊಂಡು ಜೋಯಿಡಾ ಕಡೆ ಹೊರಟರು, ಸೂಪಾ ಅಣೆಕಟ್ಟಿನಲ್ಲಿ ನೀರು ತುಂಬಿದೆಯಂತೆ ನೋಡೋಣ ಎಂದು. ಜೀಪಿನಲ್ಲಿ ತಂಗಿ ಕೇಳಿದಳು, "ಅಣ್ಣಾ, ನಿನ್ನೆ ಆ ಟೊಪಗಿ ಹಿರ್ಯಾರು ಏನಂದ್ರು? ಅವರು ಹ್ವಾದ ಮ್ಯಾಲ ನಿನ್ನ ಮಾರಿ ಒಂಥರಾ ಆತು."

"ಹಳೇ ವಿದ್ಯಾರ್ಥಿನಿ ತಂದಿ. ಸುಮ್ನ ಮಾತಾಡ್ಸಾಕ ಬಂದಿದ್ರು" ಎಂದೆ. ಸೂಪಾದಲ್ಲಿ ಎಲ್ಲರೂ ಫೋಟೋ ತೆಗೆದುಕೊಂಡರು. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಆರೇಳು ತಿಂಗಳಾದ ಮೇಲೆ ತಂಪು ಯಂತ್ರ ಕೆಟ್ಟಿತು. ಪಂಪು ಬದಲಿಸಲು ಅದನ್ನು ಪೂರ್ತಿ ಬಿಚ್ಚಬೇಕಾಯಿತು. ಒಬ್ಬನೇ ಬಿಚ್ಚಿದೆ, ವಿದ್ಯಾರ್ಥಿಗಳನ್ನು ಬೇರೆ ಕೆಲಸಕ್ಕೆ ಕಳಿಸಿದ್ದೆ. ಅದೇ ಸಾಕು, ಒಳಗೆ ಏನು ಸಿಗುತ್ತದೆಂದು ನನಗೆ ಗೊತ್ತಿತ್ತು ಎನ್ನುವುದಕ್ಕೆ. ಒಳಗಿನ ತಾಮ್ರದ ಗಟ್ಟಿಗೆ ಥರ್ಮಾಮೀಟರನ್ನು ಅಂಟಿಸಿದ ಅಂಟು ಬಿರುಕು ಬಿಟ್ಟಿತ್ತು. ಉಗುರಿನಿಂದ ಮುಟ್ಟಿದರೆ ಅಲ್ಲಾಡುತ್ತಿತ್ತು. ಅವಳು ಅಂದದ್ದು ಅಕ್ಷರಶಃ ಹಾಗೆಯೇ. ಹಳೆಯ ಅಂಟು ಕೆರೆದು ತೆಗೆದು ಹೊಸದು ಹಾಕಿದೆ. ಡಬ್ಬಿಯಲ್ಲಿ ಉಳಿದಿದ್ದ ಅವಳ ಹರಳೊಂದನ್ನು ಇಟ್ಟು ಅಳೆದೆ. ಗೆರೆ ಎಲ್ಲಿಯೂ ಮುರಿಯದೆ ಕೊನೆಯ ತನಕ ಇಳಿಯಿತು. ಆ ಗೆರೆ ಮುದ್ರಿಸಿದ ಹಾಳೆಯನ್ನು ಕಪಾಟಿನಲ್ಲಿ ಹಳೆಯ ಪರೀಕ್ಷಾ ಪತ್ರಿಕೆಗಳ ಅಡಿಗೆ ಇಟ್ಟು ಬೀಗ ಹಾಕಿದೆ.

ಮುಂದೆ ಒಂದು ವರ್ಷದೊಳಗೆ ಹೊರದೇಶದ ಒಂದು ಗುಂಪಿನಿಂದ ಪತ್ರ ಬಂತು. ತಮ್ಮ ಹರಳಿನಲ್ಲಿ ಮೆಟ್ಟಿಲು ಕಾಣುತ್ತಿಲ್ಲ, ನಿಮ್ಮದೊಂದು ಹರಳು ಕಳಿಸಲು ಸಾಧ್ಯವೇ ಎಂದು ತುಂಬ ಸೌಜನ್ಯದಿಂದ ಕೇಳಿದ್ದರು. ನಾನು ಉತ್ತರ ಬರೆದೆ. ಹರಳುಗಳು ಮುಗಿದಿವೆ, ಅವನ್ನು ಬೆಳೆಸಿದ ವಿದ್ಯಾರ್ಥಿನಿಯ ಕೈಯಲ್ಲಿ ಅಪೂರ್ವ ಕುಶಲತೆ ಇತ್ತು, ಅವಳು ಬಿಟ್ಟ ಮೇಲೆ ಅಂಥ ಹರಳು ಬೆಳೆಸಲು ಯಾರಿಗೂ ಆಗಿಲ್ಲ, ಎಂದು. ಕಳಿಸಿದ ಮೇಲೆ ಓದಿ ನೋಡಿದೆ. ನನಗೆ ಬೇಕಾದಾಗ ಅವಳ ಕೈ ನಡುಗುತ್ತಿತ್ತು, ಬೇಕಾದಾಗ ಅದೇ ಕೈ ಅಪೂರ್ವವಾಗಿತ್ತು. ಕುರ್ಚಿಯಿಂದ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಪತ್ರ ಮಾತ್ರ ವಾಪಸು ಪಡೆಯಲಿಲ್ಲ.

ಅದಾದ ಮರುವರ್ಷ ಬಿ.ಎಸ್‌ಸಿ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಮುಂಡಗೋಡದ ಒಂದು ಕಾಲೇಜಿಗೆ ಹೋದೆ. ಎರಡು ದಿನದ ಕೆಲಸ. ಭೌತಶಾಸ್ತ್ರ ವಿಭಾಗದ ಗೋಡೆಯ ಮೇಲೆ ಅಧ್ಯಾಪಕರ ಹೆಸರು ಬರೆದಿದ್ದರು. ಮೂರನೆಯದು ಅವಳ ಹೆಸರು. ಪಕ್ಕದಲ್ಲಿದ್ದ ಅಲ್ಲಿನ ಅಧ್ಯಾಪಕರನ್ನು ಕೇಳಿದೆ, "ಈ ಮೇಡಂ ಇವತ್ತ ಡ್ಯೂಟಿಗೆ ಇಲ್ಲೇನ್ರಿ?"

"ಅವರು ಪ್ರಾಕ್ಟಿಕಲ್ ತಗೊಳ್ಳಂಗಿಲ್ರಿ ಸರ್. ನಮ್ಮ ಥಿಯರಿ ಅವರ ತಗೋತಾರ, ಅವರ ಪ್ರಾಕ್ಟಿಕಲ್ ನಾವು ತಗೋತೇವಿ. ಪಾಠ ಮಾತ್ರ ಭಾಳ ಚಲೋ ಹೇಳ್ತಾರ."

"ಪ್ರಾಕ್ಟಿಕಲ್ ಯಾಕ ಬ್ಯಾಡಂತ?"

"ಕೈ ನಡಗತಾವಂತ್ರಿ" ಎಂದು ಅವರು ಮುಂದಿನ ಮೇಜಿಗೆ ಹೋದರು.

ಆ ದಿನ ಉಳಿದ ಹೊತ್ತು ನಾನು ಏನು ಪ್ರಶ್ನೆ ಕೇಳಿದೆ, ಯಾರಿಗೆ ಎಷ್ಟು ಅಂಕ ಹಾಕಿದೆ, ಒಂದೂ ನೆನಪಿಲ್ಲ. ಅವಳನ್ನು ಹುಡುಕಲೂ ಇಲ್ಲ. ಸಂಜೆ ಲಾಡ್ಜಿಗೆ ಹೋಗುವಾಗ, ನಾಳೆ ಹುಷಾರಿಲ್ಲ ಎಂದು ಹೇಳಿ ವಾಪಸು ಹೋಗಿಬಿಡಲೇ ಎಂದು ಯೋಚಿಸಿದ್ದೂ ನಿಜ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳೇ ಬಂದಳು. ನಾನು ಬಂದಿರುವುದು ಗೊತ್ತಾಗಿ ಮರ್ಯಾದೆಗೆ ಮಾತಾಡಿಸಲು ಬಂದಿದ್ದಳು. ಮನೆಯಿಂದ ಡಬ್ಬಿಯಲ್ಲಿ ನನಗೂ ಸೇರಿಸಿ ರೊಟ್ಟಿ ತಂದಿದ್ದಳು. ಖಾಲಿ ತರಗತಿಯೊಂದರಲ್ಲಿ ಕೂತೆವು. ಕಿಟಕಿಯಾಚೆ ಟಿಬೆಟನ್ ಭಿಕ್ಷುಗಳಿಬ್ಬರು ಸ್ಕೂಟರ್ ತಳ್ಳಿಕೊಂಡು ಹೋಗುತ್ತಿದ್ದರು. ಅವಳು ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ತೆರೆದ ಮೇಲೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

"ನಿಮ್ಮ ತಾಮ್ರದ ಅಳತಿ ಸರಿ ಇತ್ತು. ಯಂತ್ರ ಬಿಚ್ಚಿ ನೋಡಿದೆ. ಥರ್ಮಾಮೀಟರ್ ಎದ್ದಿತ್ತು. ನಿಮ್ಮ ಕೈದು ಏನೂ ತಪ್ಪಿದ್ದಿಲ್ಲ."

ಅವಳನ್ನು ನೀವು ಎಂದದ್ದು ಅದೇ ಮೊದಲು. ಅವಳು ನನ್ನನ್ನೇ ನೋಡುತ್ತಿದ್ದಳು.

"ಯಾವಾಗ ಗೊತ್ತಾತ್ರಿ ನಿಮಗ?"

"ಬಿಚ್ಚಿ ನೋಡಿ ಎರಡ್ ವರ್ಷದ ಮ್ಯಾಲಾತು."

"ಅದನ್ನ ಕೇಳಾಕತ್ತಿಲ್ರಿ ಸರ್. ಅವತ್ತ ನಾ ಹಾಳಿ ತೋರಿಸಿದಾಗ ಗೊತ್ತಾಗಿತ್ತೇನ್ರಿ?"

ಸುಳ್ಳು ಹೇಳುವುದು ಸುಲಭವಿತ್ತು. ಅವಳಿಗೆ ತಿಳಿಯುವ ದಾರಿಯೂ ಇರಲಿಲ್ಲ.

"ಹೌದು" ಎಂದೆ.

ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಬೇರೆ ಯಾರದೋ ವಿಷಯ ಹೇಳುವ ಹಾಗೆ ಮಾತಾಡಿದಳು. "ಅಪ್ಪ ನನ್ನ ಹುಬ್ಬಳ್ಳಿಗೆ ಡಾಕ್ಟರ್ ಕಡೆ ಕರಕೊಂಡ ಹೋಗಿದ್ರು. ನರಾ ಎಲ್ಲಾ ಬರೋಬರಿ ಅದಾವ ಅಂದ್ರು ಅವರು. ಆದ್ರೂ ಅಪ್ಪ ಲಗ್ನದ ಮಾತಿನಾಗ ಬೀಗರಿಗೆ ಮೊದಲ ಹೇಳಿದ್ರು, ಹುಡಗಿ ಕೈ ನಡಗತಾವು, ಮುಚ್ಚಿಟ್ಟು ಕೊಡಾವಲ್ಲ ನಾನು ಅಂತ. ದೊಡ್ಡ ದೊಡ್ಡ ಸರ್ ಹೇಳ್ಯಾರ ಅಂದ್ರು. ಮನ್ಯಾಗ ಈಗೂ ಬಿಸಿ ಭಾಂಡೆ ಎತ್ತಾಕ ಹೋದ್ರ ಅತ್ತಿ ಓಡಿ ಬರ್ತಾರ್ರಿ."

ನಾನು ತಪ್ಪಾಯಿತು ಎಂದೆ. ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇನೆ, ಬೇಕಾದರೆ ಮತ್ತೆ ಸಂಶೋಧನೆಗೆ ಸೇರಬಹುದು, ಎಲ್ಲ ವ್ಯವಸ್ಥೆ ನಾನು ಮಾಡುತ್ತೇನೆ ಎಂದೆಲ್ಲ ಹೇಳಿದೆ.

"ಅದೆಲ್ಲಾ ನನಗ ಬ್ಯಾಡ್ರಿ. ಪೇಪರ್ ನಿಮ್ಮದು, ಏನರ ಮಾಡ್ರಿ. ಮೊದಲ ನಮ್ಮಪ್ಪಗ ಹೇಳ್ರಿ."

"ನಾ ಫೋನ್ ಮಾಡಿ..."

"ಫೋನ್ ಬ್ಯಾಡ್ರಿ. ಊರಿಗೆ ಹೋಗಿ ಹೇಳ್ರಿ."

ಬೆಲ್ಲು ಹೊಡೆಯಿತು. ರೊಟ್ಟಿಯ ಡಬ್ಬಿಯನ್ನು ಅವಳು ತೆಗೆದುಕೊಂಡು ಹೋದಳು.

ಮುಂದಿನ ಭಾನುವಾರ ಹಳಿಯಾಳಕ್ಕೆ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ಅವರ ಊರಿಗೆ ಹೋದೆ. ಅವಳ ತಂದೆ ಪಡಸಾಲೆಯಲ್ಲಿ ಕೂತು ಹಗ್ಗದ ತುದಿಗೆ ಗಂಟು ಹಾಕುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದು, ಟೋಪಿ ಹಾಕಿಕೊಂಡು, ಹೆಂಡತಿಯನ್ನು ಕೂಗಿ ನೀರು ತರಿಸಿದರು. "ಕುಂದರ್ರಿ ಸಾಹೇಬ್ರ, ನಮ್ಮ ಮನಿಗೆ ನೀವು ಬರೂದಂದ್ರ" ಎನ್ನುತ್ತ ಕಂಬಳಿ ಹಾಸಿದರು.

ಹರಳು, ಥರ್ಮಾಮೀಟರು ಅವರಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. "ಯಜಮಾನ್ರ, ಕಬ್ಬು ತೂಗೂ ಕಾಟಾ ಇರ್ತೈತಲ್ರಿ. ಹಂಗ ನನ್ನ ಕಡೆ ಒಂದ್ ಯಂತ್ರ ಐತಿ. ಆ ಕಾಟಾನ ತಪ್ಪಿತ್ತು. ನಿಮ್ಮ ಮಗಳು ಅದನ್ನ ಕಂಡುಹಿಡದ್ಲು. ಕಾಟಾ ನೋಡ್ರಿ ಅಂದ್ಲು. ನಾ ನೋಡಲಿಲ್ಲ."

ಅವರಿಗೆ ಒಂದೇ ಸಲಕ್ಕೆ ತಿಳಿಯಿತು. ನಾನು ಅಂದುಕೊಂಡದ್ದಕ್ಕಿಂತ ಬೇಗ.

"ಕಾಟಾ ಕೆಟ್ಟೈತಿ ಅಂತ ಆಕಿ ಅಂದ್ಲು. ನೀವು, ಕಬ್ಬು ಹೇರಿದಾಕಿ ಕೈ ಸರಿ ಇಲ್ಲ ಅಂದ್ರಿ."

"ಹೌದ್ರಿ."

"ಆಕಿ ಕೈ ಸರಿ ಇದ್ದುವು."

"ಸರಿ ಇದ್ದುವ್ರಿ. ನನ್ನ ಮಾತಿಂದ ಕೆಟ್ಟವು."

ಅವರು ಹಗ್ಗ ಬದಿಗಿಟ್ಟರು. "ನಾ ದಾಂಡೇಲಿಗೆ ಬಂದಿದ್ನಿ. ನೆಪ್ಪೈತೇನ್ರಿ?"

"ಐತ್ರಿ."

"ನಿಮಗ ಕೈ ಮುಗದಿದ್ನಿ."

"ಹೌದ್ರಿ."

"ಆವಾಗರ ಹೇಳಬೇಕಾಗಿತ್ತಲ್ರಿ."

ಅವರು ಬೈಯುತ್ತಾರೆ ಎಂದುಕೊಂಡೆ, ಹೊರಗೆ ಹಾಕುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಎದ್ದು ಒಳಗೆ ಹೋಗಿ ತಮ್ಮ ಅಣ್ಣನನ್ನು ಕರೆದುಕೊಂಡು ಬಂದರು. "ಈಗ ಹೇಳಿದ್ದನ್ನ ನಮ್ಮ ಅಣ್ಣನ ಮುಂದ ಹೇಳ್ರಿ" ಎಂದರು. ಹೇಳಿದೆ, ಕಾಟಾದಿಂದ ಹಿಡಿದು ಮತ್ತೆ ಎಲ್ಲವನ್ನೂ. ಅಷ್ಟರಲ್ಲಿ ಅವಳ ತಾಯಿ, ದೊಡ್ಡವ್ವ ಬಾಗಿಲಿಗೆ ಬಂದು ನಿಂತಿದ್ದರು. "ಹೆಣ್ಮಕ್ಕಳಿಗೂ ಕೇಳ್ಲಿ" ಎಂದರು ತಂದೆ. ಮೂರನೆಯ ಸಲ ಹೇಳುವಾಗ ನನ್ನ ಧ್ವನಿ ಒಡೆಯಿತು. ಯಾರೂ ಸಮಾಧಾನ ಮಾಡಲಿಲ್ಲ. ತಾಯಿ ಮಾತ್ರ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿದರು, "ನಮ್ಮ ಬೀಗರಿಗೆ ಯಾರು ಹೇಳಾವ್ರು ಇದನ್ನ?"

ಅವರ ಬೀಗರ ಮನೆ ಮುಂಡಗೋಡದಲ್ಲಿ. ಅವಳ ತಂದೆ ಮತ್ತು ನಾನು ಅದೇ ವಾರ ಅಲ್ಲಿಗೂ ಹೋದೆವು, ಅಲ್ಲಿಯೂ ಅದನ್ನೇ ಹೇಳಿದೆ. ಬಸ್ಸಿನಲ್ಲಿ ಎರಡು ಸೀಟು ಜೊತೆಗೆ ಸಿಕ್ಕಿದರೂ ಅವರು ನನ್ನ ಹಿಂದಿನ ಸೀಟಿನಲ್ಲಿ ಕೂತರು.

ಅದಾದ ಮೇಲೆ ಪತ್ರಿಕೆಗೆ ಬರೆದೆ. ಪ್ರಬಂಧವನ್ನು ಹಿಂದಕ್ಕೆ ಪಡೆಯುವ ಟಿಪ್ಪಣಿಯ ಜೊತೆಗೆ ಅವಳ ತಾಮ್ರದ ಗೆರೆಯನ್ನೂ ಅವಳ ಹೆಸರಿನಲ್ಲೇ ಕೊಡಬೇಕೆಂದಿದ್ದೆ. ಆ ಹಾಳೆ ಅವಳ ಬಳಿ ಇನ್ನೂ ಇತ್ತು, ನಾಲ್ಕು ಮಡಿಕೆ ಬಿದ್ದದ್ದು. ಹೆಸರು ಹಾಕಲು ಒಪ್ಪಿದಳು. ತನಗೆ ತೋರಿಸದೆ ಒಂದು ಸಾಲೂ ಕಳಿಸಬಾರದು ಎಂದಳು. ಕರಡು ಒಯ್ದು ಕೊಟ್ಟೆ. ಅದರಲ್ಲಿ ನಾನು, ಥರ್ಮಾಮೀಟರಿನ ದೋಷ ಪ್ರಕಟಣೆಯ ಸಮಯದಲ್ಲಿ ಲೇಖಕರ ಗಮನಕ್ಕೆ ಬಂದಿರಲಿಲ್ಲ ಎಂದು ಬರೆದಿದ್ದೆ. ಇಷ್ಟೆಲ್ಲ ಆದ ಮೇಲೂ ಹಾಗೆ ಬರೆದಿದ್ದೆ. ಅಂಥ ಟಿಪ್ಪಣಿಗಳಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಾರೆ, ಕೈ ತಾನಾಗಿ ಬರೆದುಬಿಟ್ಟಿತು ಎಂದು ನನಗೆ ನಾನು ಹೇಳಿಕೊಂಡೆ. ಅವಳು ಪೆನ್ನು ತೆಗೆದು ಆ ಸಾಲು ಹೊಡೆದು ಹಾಕಿ, ಮೇಲೆ ಬರೆದಳು: ಪ್ರಕಟಣೆಗೆ ಮೊದಲೇ ತಿಳಿಸಲಾಗಿತ್ತು. ಅಕ್ಷರಗಳು ಸ್ವಲ್ಪ ಓರೆಯಾಗಿದ್ದವು. ಹಾಗೆಯೇ ಕಳಿಸಿದೆ.

ಟಿಪ್ಪಣಿ ಅಚ್ಚಾದ ಮೇಲೆ ವಿಭಾಗದಲ್ಲಿ ಹೆಚ್ಚಿನವರು ಇದು ಬೇಕಿರಲಿಲ್ಲ ಎಂದರು. ಒಬ್ಬರು ಮಾತು ಬಿಟ್ಟರು. ನನ್ನ ಪ್ರಬಂಧವನ್ನು ನಂಬಿ ತನ್ನ ಮಹಾಪ್ರಬಂಧದ ಒಂದು ಅಧ್ಯಾಯ ಕಟ್ಟಿದ್ದ ವಿದ್ಯಾರ್ಥಿಯೊಬ್ಬ ಅದನ್ನು ಹೊಸದಾಗಿ ಮಾಡಬೇಕಾಯಿತು. ಅವನ ಎರಡು ವರ್ಷಕ್ಕೂ ನಾನೇ ಹೊಣೆ. ವಿಚಾರಣಾ ಸಮಿತಿ ಕೂತಿತು. ನಾನು ಎಲ್ಲವನ್ನೂ ಬರೆದುಕೊಟ್ಟೆ. ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಕ್ಕನ್ನು ಕೆಲಕಾಲ ಕಿತ್ತುಕೊಂಡರು. ಹುದ್ದೆ ಉಳಿಯಿತು. ಉಳಿಯಬಾರದಿತ್ತು ಎಂದು ನನಗೆ ಅನ್ನಿಸುತ್ತದೆ, ಆದರೆ ಬಿಟ್ಟುಕೊಡುವ ಧೈರ್ಯವೂ ಬಂದಿಲ್ಲ.

ಅವಳು ಈಗಲೂ ಪ್ರಾಯೋಗಿಕ ತರಗತಿ ತೆಗೆದುಕೊಳ್ಳುವುದಿಲ್ಲ. ಕಾರಣ ಗೊತ್ತಾದರೆ ನಡುಕ ನಿಲ್ಲುತ್ತದೆ ಎಂದು ನಾನು ನಂಬಿದ್ದೆ. ಹಾಗೆ ಆಗಲಿಲ್ಲ. "ಅದು ಈಗ ನನ್ನದ ಆಗೇತ್ರಿ ಸರ್" ಎಂದು 'ನಿಮ್ಮದಲ್ಲ' ಎನ್ನುವ ಹಾಗೆ ಹೇಳಿದಳು. ನನಗೆ ಅದು ಕ್ಷಮೆಯಂತೆ ಕೇಳಿಸಲಿಲ್ಲ. ಅವಳು ಹಾಗೆ ಹೇಳಿದ್ದೂ ಅಲ್ಲ.

ಕಳೆದ ಚಳಿಗಾಲ ಹಳಿಯಾಳದಲ್ಲಿ ವಿಜ್ಞಾನ ಶಿಕ್ಷಕರಿಗೆ ಒಂದು ಉಪನ್ಯಾಸ ಕೊಡಲು ಕರೆದಿದ್ದರು. ಪರಿಚಯಿಸಿದ ಸಂಘಟಕರು ಎಲ್ಲಿಂದಲೋ ಹಳೆಯ ಸುದ್ದಿ ತೆಗೆದು, ವಸ್ತುವಿನ ಹೊಸ ಸ್ಥಿತಿಯೊಂದನ್ನು ಕಂಡುಹಿಡಿದ ನಮ್ಮ ಭಾಗದ ವಿಜ್ಞಾನಿ ಎಂದು ಓದಿದರು. ಜನ ಚಪ್ಪಾಳೆ ತಟ್ಟಿದರು. ಸುಮ್ಮನಿದ್ದರೆ ನಡೆಯುತ್ತದೆ, ಇಲ್ಲಿ ಯಾರಿಗೂ ಗೊತ್ತಿಲ್ಲ, ಎಂಬ ವಿಚಾರ ಬಂತು. ಈ ವಯಸ್ಸಿನಲ್ಲಿ, ಇಷ್ಟಾದ ಮೇಲೂ ಬಂತು. ಮೈಕಿನ ಮುಂದೆ ನಿಂತ ಮೇಲೂ ನೀರು ಕುಡಿದು ಹೊತ್ತು ಕಳೆದೆ. ಆಮೇಲೆ, ಈಗ ಓದಿದ್ದು ತಪ್ಪು, ಅಂಥದ್ದು ಯಾವುದನ್ನೂ ನಾನು ಕಂಡುಹಿಡಿದಿಲ್ಲ, ಕಂಡುಹಿಡಿದದ್ದು ನನ್ನ ವಿದ್ಯಾರ್ಥಿನಿ, ಅವಳು ಕಂಡುಹಿಡಿದದ್ದು ನನ್ನ ತಪ್ಪನ್ನು ಎಂದೆ. ಸಭೆಯಲ್ಲಿ ಪಿಸುಮಾತು ಎದ್ದಿತು. ಉಪನ್ಯಾಸ ಮುಗಿಸಿ ಕೆಳಗಿಳಿದಾಗ ಸಂಘಟಕರು ನನ್ನ ಹತ್ತಿರ ಬಾಗಿ, ಬೇಸರ ಮುಚ್ಚಿಡಲಾಗದೆ ಹೇಳಿದರು:

"ಇದನ್ನ ಇಲ್ಲಿ ಹೇಳೂದು ಬೇಕಾಗಿತ್ತೇನ್ರಿ ಸರ್? ಮಂದಿ ಏನ್ ತಿಳಕೋತಾರ?"

"ಇದ್ದದ್ದನ್ನ ತಿಳಕೋತಾರ್ರಿ" ಎಂದೆ. ಅವರು ಕೊಟ್ಟ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ದಾಂಡೇಲಿಯ ಬಸ್ಸಿಗೆ ಹೊರಟೆ.